ತೂಕದ ಹೊತ್ತು

ತೋಳಿಗೆ ಪಟ್ಟಿ ಸುತ್ತಿ, ಬುರುಡೆ ಒತ್ತಿ ಗಾಳಿ ತುಂಬಿ
ಶೈನಿ ಹೇಳಿದಳು: ನೂರ ಎಪ್ಪತ್ತೆರಡು.
ನಾನು ನಕ್ಕುಬಿಟ್ಟೆ.
ಇಷ್ಟು ವರ್ಷದಲ್ಲಿ ಒಂದು ದಿನವೂ
ಅಷ್ಟು ಕಾಫಿ ಕುಯ್ದವಳಲ್ಲ ನಾನು.
ತೊಂಬತ್ತು ದಾಟಿದರೆ ರೈಟರು ತಲೆಯೆತ್ತಿ ನೋಡುತ್ತಾರೆ,
ನೂರಾದರೆ, ಏನು ಕೆಂಬಿ, ಗಿಡಾನೇ ಕಿತ್ತು ತಂದ್ಯಾ, ಅನ್ನುತ್ತಾರೆ.
ಇವಳು ನಗಲಿಲ್ಲ.
ಮತ್ತೊಮ್ಮೆ ಒತ್ತಿದಳು.
ಲೈನ್ ಮನೆಯ ಜಗಲಿಯಲ್ಲಿ ಸಾಲಾಗಿ ಕೂತವರು
ಸುಮ್ಮನಾದರು. ಕೋಳಿಯೊಂದು ಕೆದಕುತ್ತಲೇ ಇತ್ತು.

ಇದು ಜಾಸ್ತಿ ಇರಬಾರದು ಕೆಂಬಿ, ಅಂದಳು.
ಅಲ್ಲಾ,
ನಮ್ಮ ಮನೆಯಲ್ಲಿ ಜಾಸ್ತಿ ಅಂತ ಇದ್ದದ್ದು
ಇದೊಂದೇ.

ಉಪ್ಪು ಕಮ್ಮಿ ಮಾಡು.
ಶೈನಿ, ಸಿದ್ದಾಪುರ ಸಂತೆಯ ಒಣಮೀನು
ಎರಡು ಬೆರಳಗಲದ ತುಂಡು,
ಅದರಲ್ಲಿ ಐದು ತಟ್ಟೆ ಗಂಜಿ ಇಳಿಯಬೇಕು.
ಅದೂ ಇಲ್ಲದ ದಿನ
ಉಪ್ಪೇ ನಮ್ಮ ಪಲ್ಯ.

ಬೆಳಿಗ್ಗೆ ಅರ್ಧ ಗಂಟೆ ನಡೆಯಬೇಕು ಅಂತ
ಡಾಕ್ಟರು ಚೀಟಿಯಲ್ಲಿ ಬರೆದಿದ್ದಾರಂತೆ.
ಅವರಿಗೇನು ಗೊತ್ತು ಪಾಪ,
ಬೆಳಿಗ್ಗೆ ನಮ್ಮ ರಸ್ತೆಯಲ್ಲಿ ನಡೆಯುವುದು ಆನೆ.
ಮರಿ ಜೊತೆಗಿದ್ದರೆ ಇನ್ನೂ ನಿಧಾನ.
ಅದು ದಾಟುವ ತನಕ ನಾವು ಉಸಿರು ಹಿಡಿದು ನಿಲ್ಲುತ್ತೇವೆ.
ಅದಕ್ಕೆ ಬಿಪಿ ಇದ್ದಂತಿಲ್ಲ.

ಬೊಳಕನಿಗೆ ಇತ್ತೋ ಏನೋ.
ನನ್ನ ಗಂಡನ ತಮ್ಮ, ನಲವತ್ತನಾಲ್ಕು ವರ್ಷ.
ಮೆಣಸು ಕುಯ್ಯುವ ಏಣಿಯಿಂದ ಇಳಿದು
ಎದೆ ಉಜ್ಜಿಕೊಂಡ. ಗ್ಯಾಸು ಅಂದ.
ನಾವೂ ಗ್ಯಾಸು ಅಂದೆವು.
ಜೀರಿಗೆ ಸೋಡಾ ತರಿಸಿದೆವು, ಬೆನ್ನು ತಟ್ಟಿದೆವು,
ಎಡಗೈ ಸೆಳೆತಕ್ಕೆ ನೀಲಗಿರಿ ಎಣ್ಣೆ ತಿಕ್ಕಿದೆವು.
ದೊಡ್ಡದೊಂದು ತೇಗು ಬಂತು.
ಎಲ್ಲರಿಗೂ ಸಮಾಧಾನವಾಯಿತು.
ಸೋಡಾ ಬಾಟಲಿ ಅಂಗಡಿಗೆ ವಾಪಸ್ಸು ಹೋಗುವ ಮೊದಲು
ಅವನು ಹೋಗಿದ್ದ.
ಬಾಟಲಿ ಈಗಲೂ ಒಲೆಯ ಹಿಂದಿದೆ.
ಅಂಗಡಿಯವನೂ ಕೇಳಲಿಲ್ಲ.

ಸಣ್ಣ ಬಿಳಿ ಮಾತ್ರೆ. ದುಡ್ಡು ಬೇಡ.
ಮಾತ್ರೆಗೆ ಬೇಡ, ಬಸ್ಸಿಗೆ ಬೇಕು,
ಬಸ್ಸಿಗಿಂತ, ಆ ದಿನ ಹೋದ ಕೂಲಿಗೆ ಬೇಕು.
ಎರಡು ವಾರ ನುಂಗಿದೆ, ತಲೆಸುತ್ತು ನಿಂತಿತು,
ವಾಸಿಯಾಯಿತು ಅಂತ ಬಿಟ್ಟೆ.
ಶೈನಿ ಬೈದ ಹಾಗೆ ನನ್ನ ಅತ್ತೆಯೂ ಬೈದಿರಲಿಲ್ಲ:
ಹೂವಿಗೆ ಸ್ಪ್ರಿಂಕ್ಲರ್ ಬಿಡ್ತೀರಿ,
ಆಮೇಲೆ ಬ್ಯಾಕಿಂಗ್ ನೀರು ಕೊಡದಿದ್ದರೆ
ಕಾಯಿ ನಿಲ್ಲುತ್ತದಾ, ನೀನೇ ಹೇಳು.
ನಿಲ್ಲುವುದಿಲ್ಲ, ಅಂದೆ.
ಅಷ್ಟು ದಿನ ಹೇಳಿದ್ದೆಲ್ಲ ಒಂದು ಕಿವಿಯಲ್ಲಿತ್ತು,
ಇದೊಂದು ಒಳಗೆ ಇಳಿಯಿತು.

ಈಗ ತಿಂಗಳ ಮಾತ್ರೆ ಅವಳ ಬ್ಯಾಗಿನಲ್ಲೇ ಬರುತ್ತದೆ.
ಒಣಮೀನನ್ನು ಮೂರು ನೀರಿನಲ್ಲಿ ತೊಳೆಯುತ್ತೇನೆ,
ಮೊದಲ ದಿನ ಗಂಡ ತಟ್ಟೆ ದೂಡಿದ.
ಉಪ್ಪಿನ ಡಬ್ಬ ಅಟ್ಟದ ಮೇಲೆ ಹೋಯಿತು,
ಮಕ್ಕಳು ಗೋಣಿ ಒಟ್ಟಿ ಹತ್ತಿ ಕದಿಯುತ್ತಾರೆ.
ಹೊಗೆಸೊಪ್ಪು ಮಾತ್ರ ಬಿಡಲು ಆಗಿಲ್ಲ.
ಸುಳ್ಳು ಯಾಕೆ ಹೇಳಲಿ.

ಮೊನ್ನೆ ಕುಯ್ಲಿನ ನಡುವೆ ಜೋಗಿ ಕೂತುಬಿಟ್ಟ.
ಬೆವರು. ಬಾಯಿ ತೆರೆದು ಗ್ಯಾ... ಅಂದನಷ್ಟೆ,
ಸೋಡಾ ತರಲು ಓಡಿದ ಹುಡುಗನ ಅಂಗಿ ಹಿಡಿದು ನಿಲ್ಲಿಸಿದೆ.
ಪಿಕಪ್ಪಿನಿಂದ ಮೂಟೆ ಇಳಿಸಿ, ಎಂದೆ.
ರೈಟರು ನನ್ನ ಮುಖ ನೋಡಿದರು.
ಅರ್ಧ ತುಂಬಿದ ಮೂಟೆ ಚೆಲ್ಲಿ
ಹಣ್ಣೆಲ್ಲ ರಸ್ತೆ ತುಂಬ ಕೆಂಪಗೆ ಉರುಳಿತು,
ಯಾರೂ ಹೆಕ್ಕಲಿಲ್ಲ.
ಸಿದ್ದಾಪುರ, ಅಲ್ಲಿಂದ ಮಡಿಕೇರಿ.
ಹನ್ನೊಂದನೆಯ ದಿನ ಬಂದ, ಅರ್ಧ ಆಳಾಗಿ.
ಕಣದಲ್ಲಿ ಕೂತು ಕಾಫಿ ಒಣಗುವುದನ್ನು ಕಾಯುತ್ತಾನೆ,
ಮಂಗ ಬಂದರೆ ಬೈಯುವಷ್ಟು ಉಸಿರಿದೆ.

ಇವತ್ತು ಸಂಜೆ ತೂಕದ ಸಾಲು.
ನನ್ನ ಮೂಟೆ ಕೊಕ್ಕೆಗೆ ಹಾಕಿ
ರೈಟರು ಕನ್ನಡಕ ಸರಿಮಾಡಿ ಕೇಳಿದರು, ಎಷ್ಟು?
ಹಿಂದೆ ನಿಂತ ಹೆಂಗಸರಿಗೆಲ್ಲ ಕೇಳುವ ಹಾಗೆ ಹೇಳಿದೆ:
ನೂರ ಮೂವತ್ತೆಂಟು.
ಮುಳ್ಳು ಎಪ್ಪತ್ತರ ಹತ್ತಿರ ಅಲುಗಾಡುತ್ತಿತ್ತು.
ಏನಮ್ಮಾ ಇದು, ಅಂದರು.
ಅದು ಕಾಫಿದಲ್ಲ ಸಾರ್,
ಬೆಳಿಗ್ಗೆ ಶೈನಿ ಅಳೆದದ್ದು.
ಕಾಫಿದು ನೀವೇ ಬರ್ಕೊಳ್ಳಿ.